ಹನ್ನೆರಡು ಪ್ರಾರ್ಥನೆಯ ಬಣ್ಣ

"ಇದು ಹೊಂದಲ್ಲ ಮಗಳೇ," ಎನ್ನುತ್ತ ಪಿಯಾನೋ ಟೀಚರ್ ಅವಳು ಮಾದರಿಗೆಂದು ಬಣ್ಣ ಹಾಕಿ ಕೊಟ್ಟಿದ್ದ ಅಂಗೈ ಅಗಲದ ಬಟ್ಟೆಯ ತುಂಡನ್ನು ಬಣ್ಣದಂಗಡಿಯ ಕೌಂಟರಿನ ಮೇಲಿಟ್ಟು, ಬೆರಳ ತುದಿಯಿಂದ ಅವಳ ಕಡೆಗೆ ತಳ್ಳಿದರು.

ಅವಳ ಒಂದು ಕಿವಿಗೆ ಫೋನ್ ಅಂಟಿಕೊಂಡಿತ್ತು. ಸಭಾಂಗಣದ ಮ್ಯಾನೇಜರ್ ತನ್ನ ಅರವತ್ತು ಪರದೆಗಳು ಏನಾದವು ಎಂದು ಕೇಳುತ್ತಿದ್ದ. "ನಾಳೆ ಹನ್ನೊಂದಕ್ಕೆ ಕೈಗೆ ಕೊಡ್ತೀನಿ ಸಾರ್, ಖಂಡಿತ," ಎಂದು ಅವನಿಗೆ ಹೇಳಿ, ಅದೇ ಉಸಿರಿನಲ್ಲಿ ಟೀಚರ್ ಕಡೆ ತಿರುಗಿದಳು.

"ಹೊಂದದೆ ಏನು ಟೀಚರ್? ನೀವು ಮಾದರಿಗೆ ಕೊಟ್ಟ ಹಳೇ ನಿಲುವಂಗಿ ಪಕ್ಕದಲ್ಲೇ ಇಟ್ಟು ಹಗಲು ಬೆಳಕಲ್ಲಿ ನೋಡಿದ್ದೀನಿ. ಎಳ್ಳಷ್ಟೂ ವ್ಯತ್ಯಾಸ ಇಲ್ಲ."

"ಅದಕ್ಕೆ ಹೊಂದುತ್ತೆ. ಮಿಕ್ಕಿದ್ದಕ್ಕೆ ಹೊಂದಲ್ಲ."

"ಮಿಕ್ಕಿದ್ದೂ ಅದೇ ಬಣ್ಣ ಅಲ್ವಾ?"

ಟೀಚರ್ ಬಾಗಿಲಿನಾಚೆ ಬಿಟ್ಟಿದ್ದ ದೊಡ್ಡ ಚೀಲವನ್ನು ಎರಡೂ ಕೈಯಿಂದ ಎಳೆದು ತಂದರು. ಎಪ್ಪತ್ತು ದಾಟಿದ ಹೆಂಗಸು. ಚರ್ಚಿನ ಗಾಯನ ತಂಡವನ್ನು ನಲವತ್ತು ವರ್ಷದಿಂದ ಹಿಡಿದ ಪಟ್ಟು ಬಿಡದೆ ನಡೆಸಿಕೊಂಡು ಬಂದವರು. ಶ್ರುತಿ ತಪ್ಪಿದವರು ಪಾದ್ರಿಯೇ ಆದರೂ ಕನ್ನಡಕದ ಮೇಲಿಂದ ಒಂದು ನೋಟ ಬೀರದೆ ಬಿಟ್ಟವರಲ್ಲ. ತಂಡಕ್ಕೆ ಹೊಸದಾಗಿ ಇಬ್ಬರು ಸೇರಿದ್ದರು. ಅವರಿಗೆಂದು ಟೀಚರ್ ತಾವೇ ಹೊಲಿದ ಎರಡು ಬಿಳಿ ನಿಲುವಂಗಿಗಳು ಸೋಮವಾರದಿಂದ ಅಂಗಡಿಯ ಕಪಾಟಿನಲ್ಲಿ ಮಡಚಿ ಕೂತಿದ್ದವು. ಅವುಗಳಿಗೆ ಉಳಿದ ಹನ್ನೆರಡರ ಬಣ್ಣ, ಅಂದರೆ ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಬರುವಂಥ ಬಣ್ಣ, ಭಾನುವಾರ ಬೆಳಿಗ್ಗೆ ಎಂಟರೊಳಗೆ ಬೇಕಿತ್ತು. ಆ ಹನ್ನೆರಡಕ್ಕೂ ಬಣ್ಣ ಹಾಕಿದವರು ಅವಳ ಅಪ್ಪ. ಅದಕ್ಕೇ ಟೀಚರ್ ಬೇರೆ ಯಾರ ಬಳಿಯೂ ಹೋಗಿರಲಿಲ್ಲ.

ಅಪ್ಪನ ಬಣ್ಣವನ್ನು ಮಗಳಿಗೆ ಹೊಂದಿಸಲಾಗಲಿಲ್ಲ ಎಂದು ಬೀದಿಯಲ್ಲಿ ಒಬ್ಬರು ಆಡಿಕೊಂಡರೂ ಸಾಕಿತ್ತು, ಅವಳ ಒಂದು ವಾರದ ನಿದ್ದೆ ಹೋಗುತ್ತಿತ್ತು. ಚೀಲ ನೋಡಿದಾಗಲೇ ಅವಳ ಮುಖ ಗಂಟಿಕ್ಕಿತು.

"ಇಷ್ಟನ್ನೂ ಯಾಕೆ ಹೊತ್ಕೊಂಡು ಬಂದ್ರಿ? ಹೇಳಿದ್ರೆ ನಾನೇ ಬರ್ತಿದ್ನಲ್ಲ."

"ನೀನಾ? ನಿನಗೆ ತಲೆ ತುರಿಸಿಕೊಳ್ಳೋಕೆ ಪುರುಸೊತ್ತಿಲ್ಲ. ಚರ್ಚಿಗೇ ತಿಂಗಳಿಗೊಮ್ಮೆ ಬರೋಳು, ನಮ್ಮನೆಗೆ ಬರ್ತೀಯಾ?" ಟೀಚರ್ ನಕ್ಕರು. "ಹಿತ್ತಲಲ್ಲಿ ತಂತಿ ಖಾಲಿ ಇದ್ಯಾ? ತೂಗು ಹಾಕು. ನಾನು ಹೇಳಿದ್ರೆ ಮುದುಕಿ ಕಣ್ಣು ಅಂತೀಯ, ನೀನೇ ನೋಡು."

ಹಿತ್ತಲಿಗೆ ಹೋಗಲು ಬಣ್ಣದ ಕೋಣೆಯನ್ನು ದಾಟಬೇಕು. ಈಗ ಅಲ್ಲಿ ಮೂರು ಸ್ಟೀಲಿನ ಹಂಡೆಗಳು, ಗ್ಯಾಸಿನ ಒಲೆಗಳು, ಗೋಡೆಯ ಮೇಲೆ ಅಂಗೈಯಷ್ಟು ದೊಡ್ಡ ಅಂಕಿ ತೋರಿಸುವ ಟೈಮರ್. ಅವಳು ಹುಡುಗಿಯಾಗಿದ್ದಾಗ ಇದ್ದದ್ದು ಒಂದೇ ತಾಮ್ರದ ಹಂಡೆ ಮತ್ತು ಕೋಣೆ ತುಂಬ ಹಬೆ. ಅಪ್ಪ ಆ ಹಬೆಯೊಳಗೆ ಸೊಂಟದ ಮೇಲಕ್ಕೆ ಮಾತ್ರ ಕಾಣುತ್ತಿದ್ದರು. ಮೊಣಕೈವರೆಗೆ ಬಣ್ಣ. ಸೋಮವಾರ ಹಸಿರು, ಬುಧವಾರ ನೀಲಿ, ಭಾನುವಾರ ಚರ್ಚಿಗೆ ಹೋಗುವಾಗ ಎಷ್ಟು ತಿಕ್ಕಿದರೂ ಬಿಡದ ಒಂದು ಬೂದಿ ಛಾಯೆ. ಬೀದಿಯವರಿಗೆಲ್ಲ ಅವರು ಬಣ್ಣದಣ್ಣ. ನಿಜವಾದ ಹೆಸರು ಅಂಚೆಯವನಿಗೊಬ್ಬನಿಗೆ ಗೊತ್ತಿತ್ತು.

ಆ ಕೋಣೆಯಲ್ಲಿ ಗಡಿಯಾರ ಉಳಿಯುತ್ತಿರಲಿಲ್ಲ. ಅಪ್ಪ ಮದುವೆಯಲ್ಲಿ ಬಂದ ಗೋಡೆ ಗಡಿಯಾರವನ್ನು ತೂಗು ಹಾಕಿದ್ದರಂತೆ. ಮೂರೇ ವಾರದಲ್ಲಿ ಗಾಜಿನೊಳಗೆ ನೀರು ತುಂಬಿ ಮುಳ್ಳುಗಳು ನಿಂತವು. ಎರಡನೆಯದೂ ಅದೇ ದಾರಿ ಹಿಡಿಯಿತು. ಬಟ್ಟೆ ಎಷ್ಟು ಹೊತ್ತು ಹಂಡೆಯಲ್ಲಿರಬೇಕು ಎಂಬುದಕ್ಕೆ ಒಂದು ಲೆಕ್ಕ ಬೇಕಲ್ಲ? ಅಂದಂದಿನ ಅನ್ನ ಕೊಡು, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂದೆಲ್ಲ ಬೇಡುವ ಕರ್ತನ ಪ್ರಾರ್ಥನೆಯನ್ನು ಅಪ್ಪ ಹೇಳಲು ಶುರು ಮಾಡಿದರು. ತೆಳು ಗುಲಾಬಿಗೆ ಎರಡು ಪ್ರಾರ್ಥನೆ, ಎಲೆ ಹಸಿರಿಗೆ ಐದು, ನೀಲಿಗೆ ಎಂಟು, ದ್ರಾಕ್ಷಿ ಬಣ್ಣಕ್ಕೆ ಹನ್ನೆರಡು. ಬಟ್ಟೆ ತಿರುವುವ ಕೋಲು ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಾಲು. ಅವರ ಬಣ್ಣದ ಪುಸ್ತಕದಲ್ಲಿ ಇದ್ದದ್ದೂ ಹಾಗೆಯೇ: ಉಪ್ಪು ಇಷ್ಟು ಹಿಡಿ, ಪುಡಿ ಇಷ್ಟು ಚಮಚ, ಪ್ರಾರ್ಥನೆ ಇಷ್ಟು.

ಅಮ್ಮನಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆಮಂದಿಯೆಲ್ಲ ಮೊಣಕಾಲೂರಿ ಕೂರಬೇಕೆಂಬುದು ಅವಳ ಆಸೆ. ಅಪ್ಪ ಐದೂವರೆಗೇ ಒಲೆ ಹೊತ್ತಿಸಲು ಇಳಿದು ಹೋಗುತ್ತಿದ್ದರು.

"ದೇವರಿಗೆ ಹತ್ತು ನಿಮಿಷ ಕೊಡೋಕಾಗಲ್ವಾ ನಿಮಗೆ?"

"ದಿನಕ್ಕೆ ಇನ್ನೂರು ಸಲ ಹೇಳ್ತೀನಲ್ಲೇ. ಕೂತ್ಕೊಂಡು ಹೇಳಲ್ಲ, ನಿಂತ್ಕೊಂಡು ಹೇಳ್ತೀನಿ, ಅಷ್ಟೇ."

"ಅದು ಪ್ರಾರ್ಥನೆ ಅಲ್ಲ, ಗಡಿಯಾರ."

"ಇರ್ಬಹುದು. ಆದ್ರೆ ಕೀಲಿ ಕೊಡದೆ ನಡೀತಿದೆ ನೋಡು," ಎಂದು ಅಪ್ಪ ಜಾರಿಕೊಳ್ಳುತ್ತಿದ್ದರು. ಒಮ್ಮೆ ಯಾರದೋ ಮದುವೆಯಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿಯುವ ಲಕ್ಷಣವೇ ಕಾಣದಿದ್ದಾಗ, ಅಪ್ಪ ಮಗಳ ಕಿವಿಯ ಹತ್ತಿರ ಬಾಗಿ, "ಇಷ್ಟೊತ್ತಿಗೆ ಅಚ್ಚ ಕಪ್ಪು ಬಂದಿರೋದು," ಎಂದಿದ್ದರು. ಅವಳು ನಗು ತಡೆಯಲಾಗದೆ ಅಮ್ಮನ ಕೈಯಿಂದ ತೊಡೆ ಚಿವುಟಿಸಿಕೊಂಡಿದ್ದಳು.

ಹನ್ನೊಂದನೇ ವಯಸ್ಸಿನಲ್ಲಿ ಅವಳ ಕೈಗೆ ಮೊದಲ ಸಲ ಕೋಲು ಸಿಕ್ಕಿತು. ಹಸಿರಿನ ಹಂಡೆ, ಐದು ಪ್ರಾರ್ಥನೆ. ಹೊರಗೆ ಗೆಳತಿಯರು ಹಗ್ಗ ಜಿಗಿಯುತ್ತಿದ್ದ ಸದ್ದು. ಅವಳು ಸಾಲುಗಳನ್ನು ಗಬಗಬ ನುಂಗಿ, ಎರಡೆರಡನ್ನು ಒಂದು ಮಾಡಿ, ಬಟ್ಟೆಯನ್ನು ಎತ್ತಿ ಓಡಿದಳು. ಸಂಜೆ ಅಪ್ಪ ಒಣಗಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಪುಟ್ಟಿ, ಅಂದಂದಿನ ಅನ್ನ ಕೇಳೋದನ್ನ ಬಿಟ್ಟುಬಿಟ್ಯಾ?"

"ನಿಮಗೆ ಹೇಗೆ ಗೊತ್ತು?"

"ಹಸಿದಿದೆ ನೋಡು ಬಟ್ಟೆ," ಎಂದು ಅವರು ಅದನ್ನು ಮತ್ತೆ ಹಂಡೆಗೆ ಹಾಕಿ, ಅವಳ ಹಿಂದೆ ನಿಂತು, ಅವಳ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಕೋಲು ತಿರುಗಿಸಿದರು. ಅವರ ಎದೆಯೊಳಗಿನಿಂದ ಬರುತ್ತಿದ್ದ ಆ ತಗ್ಗಿದ ಸ್ವರ ಅವಳ ಬೆನ್ನಿಗೆ ತಾಗುತ್ತಿತ್ತು. ಬಟ್ಟೆ ನೋಡಿದರೆ ಮಗಳು ಯಾವ ಸಾಲು ನುಂಗಿದಳೆಂದು ಅಪ್ಪನಿಗೆ ತಿಳಿಯುತ್ತದೆಂದು ಅವಳು ಎಷ್ಟೋ ವರ್ಷ ನಂಬಿದ್ದಳು. ಈಗಲೂ ಪೂರ್ತಿ ನಂಬಿಕೆ ಹೋಗಿರಲಿಲ್ಲ.

ಹಿತ್ತಲಲ್ಲಿ ನೆರಳಿತ್ತು. ಎರಡು ಗೋಡೆಗಳ ನಡುವೆ ಬಿಗಿದ ತಂತಿಗೆ ಅವರಿಬ್ಬರೂ ನಿಲುವಂಗಿಗಳನ್ನು ಒಂದೊಂದಾಗಿ ಸಿಕ್ಕಿಸಿದರು. ಪ್ರತಿಯೊಂದರ ಕೊರಳ ಒಳಪಟ್ಟಿಯಲ್ಲೂ ಟೀಚರ್ ಬಿಳಿ ದಾರದಲ್ಲಿ ಅಂಕಿ ಹೊಲಿದಿದ್ದರು. "ಒಂದರಿಂದ ಶುರು ಮಾಡು. ಹೊಲಿದ ಕ್ರಮದಲ್ಲೇ ಬರಲಿ," ಎಂದರು. ಹನ್ನೆರಡನೆಯದನ್ನು ಸಿಕ್ಕಿಸಿ ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದಳು.

ಒಂದೂ ಎರಡೂ ಹೆಚ್ಚುಕಡಿಮೆ ಕಪ್ಪು. ಅವಳು ತುಂಡು ಹೊಂದಿಸಿದ್ದು ಎರಡನೆಯದಕ್ಕೆ. ಮೂರು, ನಾಲ್ಕು ಅದಕ್ಕಿಂತ ಒಂದು ಎಳೆ ತಿಳಿ. ಐದರಿಂದ ಎಂಟರವರೆಗೆ ನಿಧಾನವಾಗಿ ಕೆಂಪು ಮೇಲೆ ಬರುತ್ತಿತ್ತು. ಒಂಬತ್ತು, ಹತ್ತರಲ್ಲಿ ಮತ್ತೆ ತುಸು ಮಬ್ಬು. ಹನ್ನೊಂದು, ಹನ್ನೆರಡು ಮಾತ್ರ ಅವಳು ಬಾಲ್ಯದಿಂದ ಬಲ್ಲ ಅಪ್ಪನ ದ್ರಾಕ್ಷಿ ಬಣ್ಣ.

"ಒಂಬತ್ತು ವರ್ಷ ಇದನ್ನೇ ಹಾಕ್ಕೊಂಡು ಹಾಡಿದ್ದೀರಾ?" ಅವಳ ಮುಖ ಕಾದುಹೋಯಿತು. "ಯಾರೂ ಏನೂ ಅನ್ಲಿಲ್ವಾ?"

"ನಾನು ಗಾಢ ಬಟ್ಟೆಯವರನ್ನ ಕಿಟಕಿ ಕಡೆ ನಿಲ್ಲಿಸ್ತೀನಿ. ಜನ ಬೆಳಕಿನ ಆಟ ಅಂದ್ಕೊಳ್ತಾರೆ."

"ಅಪ್ಪನಿಗೆ ಆಗ ಕೈ ಸ್ವಾಧೀನ ಇರ್ಲಿಲ್ಲ ಟೀಚರ್. ವಯಸ್ಸಾಗಿತ್ತು. ಹೊತ್ತು ಹೋದದ್ದೇ ಗೊತ್ತಾಗ್ತಿರ್ಲಿಲ್ಲ ಅವರಿಗೆ."

ಅದನ್ನು ಹೇಳುವಾಗ ಅವಳಿಗೆ ಆ ವರ್ಷ ಕಣ್ಣಮುಂದೆ ಬಂತು. ಅಮ್ಮ ತೀರಿಕೊಂಡ ವರ್ಷ. ಅವಳಾಗ ದೂರದ ನಗರವೊಂದರ ಹೋಟೆಲಿನಲ್ಲಿ ಬಂದವರಿಗೆ ಕೋಣೆಯ ಬೀಗದ ಕೈ ಕೊಡುವ ಕೆಲಸದಲ್ಲಿದ್ದಳು. ಅಮ್ಮನಿಗೆ ಉಬ್ಬಸ ಹೆಚ್ಚಾಗಿದೆ, ಒಮ್ಮೆ ಬಂದು ಹೋಗು ಎಂದು ಅಪ್ಪ ಮೂರು ಸಲ ಫೋನ್ ಮಾಡಿದ್ದರು. ಮೂರು ಸಲವೂ ಅವಳು, "ಈ ವಾರ ಆಗಲ್ಲ ಅಪ್ಪ, ಉಸಿರಾಡೋಕೂ ಪುರುಸೊತ್ತಿಲ್ಲ," ಎಂದಿದ್ದಳು. ಉಸಿರಾಡಲು ನಿಜಕ್ಕೂ ಆಗದವಳು ಅತ್ತ ಹಾಸಿಗೆಯಲ್ಲಿದ್ದಳು. ನಾಲ್ಕನೆಯ ಫೋನಿಗೆ ಅವಳು ಹೊರಟು ಬಂದಾಗ ಚರ್ಚಿನಲ್ಲಿ ಸಾವಿನ ಗಂಟೆ ಆಗಲೇ ಹೊಡೆದಾಗಿತ್ತು. ಅಮ್ಮ ಕೊನೆಯ ಎರಡು ದಿನ ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದ್ದಳೆಂದು ನೆರೆಯವರು ಹೇಳಿದರು. ಅಪ್ಪ ಮಾತ್ರ ಆ ವಿಷಯದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಊಟ ಆಯ್ತಾ ಎಂದು ಕೇಳಿದರು, ಅಷ್ಟೇ.

ಅವಳು ಹೋಟೆಲಿನ ಕೆಲಸ ಬಿಟ್ಟು ಅಂಗಡಿಯ ಕೌಂಟರಿಗೆ ಕೂತಳು. ಒಂದು ತಿಂಗಳಲ್ಲೇ ಗಿರಾಕಿಗಳ ದೂರು ಶುರುವಾಯಿತು. ಗುಲಾಬಿ ಕೇಳಿದರೆ ಕೆಂಪು ಬರುತ್ತಿದೆ, ನೀಲಿ ಕೇಳಿದರೆ ಕಪ್ಪು. ಅವಳು ಹಬೆಗೆ ಕೆಡದ ಟೈಮರ್ ತಂದು ಗೋಡೆಗೆ ಹೊಡೆಸಿದಳು. ಅಪ್ಪ ಅದರ ಕಡೆ ನೋಡಲಿಲ್ಲ. ಒಂದು ದಿನ ಯಾರೋ ಕೌಂಟರಿನಲ್ಲಿ ರೇಗಾಡಿ ಹೋದ ಮೇಲೆ, ಅವಳು ಒಳಗೆ ಬಂದು, "ಗಿರಾಕಿಗಳು ಬಣ್ಣ ನೋಡ್ತಾರೆ ಅಪ್ಪ, ನಿಮ್ಮ ಭಕ್ತಿ ನೋಡಲ್ಲ," ಎಂದುಬಿಟ್ಟಳು.

ಅಪ್ಪ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿದರು. "ಸರಿ ಪುಟ್ಟಿ. ಮಿಕ್ಕ ಬಟ್ಟೆಗೆಲ್ಲ ನಿನ್ನ ಟೈಮರ್ ಇಟ್ಕೊಂಡು ನೀನೇ ಹಾಕು. ಟೀಚರ್ ಕೊಡ್ತಿರೋ ಈ ಹನ್ನೆರಡು ಮಾತ್ರ ನನಗೆ ಬಿಡು," ಎಂದರು. ಟೀಚರ್ ಆ ನಿಲುವಂಗಿಗಳನ್ನು ಎರಡು ತಿಂಗಳಿಗೊಮ್ಮೆ ಎರಡರಂತೆ ಹೊಲಿದು ತಂದು ಕೊಡುತ್ತಿದ್ದರು. ಅವು ಬಂದ ದಿನ ಅಪ್ಪ ಕೋಣೆಯ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿದ್ದರು. ಕೊನೆಯ ಜೋಡಿ ಮುಗಿದ ಮಧ್ಯಾಹ್ನ ಹೊರಗೆ ಬಂದು, "ಇನ್ನು ಕೋಲೂ ನಿಂದೇ," ಎಂದವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು ಮಲಗಿದರು. ಪಾಪ, ಸೋತು ಬಿಟ್ಟುಕೊಟ್ಟರು ಎಂದುಕೊಂಡಿದ್ದಳು ಅವಳು. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಹಂಡೆಯ ಹತ್ತಿರ ಮತ್ತೆ ಹೋಗಲಿಲ್ಲ.

"ಕೈ ಸ್ವಾಧೀನ ಇರ್ಲಿಲ್ಲ ಅಂತ ಯಾರು ಹೇಳಿದ್ದು?" ಟೀಚರ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಂಡರು. "ಬಟ್ಟೆ ಕೊಡೋಕೆ ಅಂತ ಬಂದಾಗೆಲ್ಲ ನಾನು ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ದೆ. ಸಂಗೀತದವಳು ನೋಡು, ತಾಳ ತಪ್ಪಿದ್ರೆ ನನ್ನ ಕಿವಿಗೆ ಮುಳ್ಳು ಚುಚ್ಚಿದ ಹಾಗಾಗುತ್ತೆ. ಪ್ರಾರ್ಥನೆ ಚೆನ್ನಾಗೇ ಶುರುವಾಗೋದು. ಕೋಲೂ ಸರಿಯಾಗೇ ತಿರುಗೋದು. ಅರ್ಧಕ್ಕೆ ಬಂದು ನಿಂತುಬಿಡೋದು."

"ಎಲ್ಲಿ?"

"ನಮಗೆ ತಪ್ಪು ಮಾಡಿದೋರನ್ನ ನಾವು ಕ್ಷಮಿಸ್ತೀವಿ ಅಂತೀವಲ್ಲ, ಅಲ್ಲಿ. ಪ್ರತಿ ಸಲ ಅಲ್ಲೇ. ಒಂದು ದಿನ ತಡೀಲಾರದೆ ಕೇಳೇಬಿಟ್ಟೆ, ಏನಣ್ಣ, ಮರೆತುಹೋಯ್ತಾ ಅಂತ. ಮರೆತಿಲ್ಲ ಟೀಚರಮ್ಮ, ಬಾಯಿಗೇನೋ ಬರುತ್ತೆ, ಆದ್ರೆ ಸುಳ್ಳು ಹೇಳ್ದಂಗಾಗುತ್ತೆ, ನಿಜ ಆಗೋವರೆಗೂ ಕಾಯ್ತೀನಿ ಅಂದ್ರು. ಬಟ್ಟೆ ಕಪ್ಪಾಗಲ್ವಾ ಅಂದೆ. ಆಗ್ಲಿ ಬಿಡಿ, ದೇವರ ಮನೆಗೆ ಹೋಗೋ ಬಟ್ಟೆ ತಾನೇ, ಅವನಿಗೆ ಅರ್ಥ ಆಗುತ್ತೆ ಅಂದ್ರು."

ಅವಳು ತಂತಿಯ ಮೇಲಿನ ಬಟ್ಟೆಗಳನ್ನೇ ನೋಡುತ್ತ ಕೇಳಿದಳು, "ಯಾರನ್ನ ಅಂತ ಹೇಳಿದ್ರಾ?"

"ಅವರು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ. ಅದು ಕೇಳೋ ಮಾತಾ?" ಟೀಚರ್ ಗೋಡೆ ಹಿಡಿದು ಎದ್ದರು. "ಕೊನೇ ಎರಡಕ್ಕೆ ಮಾತ್ರ ನಿಲ್ಲಲಿಲ್ಲ. ನಾನಿದ್ದೆ ಅವತ್ತು. ಹನ್ನೆರಡೂ ಸಲ ನೀರು ಹರಿದ ಹಾಗೆ ಹೇಳಿದ್ರು. ಆಮೇಲೆ ಮುಖ ಒರೆಸ್ಕೊಂಡ್ರು. ಹಬೆ ಅಂದ್ಕೊಂಡೆ."

ಅಪ್ಪ ಮಗಳು ಒಂದೇ ಮನೆಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ಐದು ವರ್ಷ ಉಂಡಿದ್ದರು. ತಪ್ಪಾಯ್ತು ಅಪ್ಪ ಎಂದು ಒಂದು ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಮ್ಮನ ವಿಷಯ ಎತ್ತಿದರೆ ಅಪ್ಪನಿಗೆ ನೋವಾದೀತೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅದರ ಬದಲು ಟೈಮರ್ ತಂದು ಕೊಟ್ಟಿದ್ದಳು.

"ಈಗ ಯಾವುದಕ್ಕೆ ಹೊಂದಿಸ್ಲಿ ಟೀಚರ್?" ಎಂದಳು ಕೊನೆಗೆ.

"ಅದನ್ನ ನಾನು ಹೇಗೆ ಹೇಳ್ಲಿ? ನಿಮ್ಮಪ್ಪನ ಬಣ್ಣ ಹಾಕು. ನನಗೆ ಭಾನುವಾರ ಎಂಟಕ್ಕೆ ಬೇಕು." ಟೀಚರ್ ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, "ತಂಡದಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ನಿನ್ನ ಸ್ವರ ಅಷ್ಟೇನೂ ಕೆಟ್ಟದಲ್ಲ," ಎಂದು ಸೇರಿಸಿದರು.

ಅವಳು ಹಂಡೆಗೆ ನೀರು ಬಿಟ್ಟಳು. ಪರದೆಗಳ ಗಂಟು ಕಾಲಿಗೆ ಅಡ್ಡ ಬಂತು. ಅದನ್ನು ಪಕ್ಕಕ್ಕೆ ದೂಡಿದಳು. ನೀರು ಕುದಿ ಬಂದಾಗ ಪುಡಿ ಹಾಕಿ, ಉಪ್ಪು ಹಾಕಿ, ಬಿಳಿ ನಿಲುವಂಗಿಗಳನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಿ, ಎರಡನ್ನೂ ಒಟ್ಟಿಗೆ ಇಳಿಬಿಟ್ಟಳು. ಕೈ ತಾನಾಗಿಯೇ ಟೈಮರಿನ ಕಡೆ ಹೋಯಿತು. ಅಲ್ಲಿಂದ ವಾಪಸು ಬಂದು ಕೋಲು ಹಿಡಿಯಿತು.

ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಅವಳ ತುಟಿ ಅಲ್ಲಾಡುತ್ತಿತ್ತು; ತಲೆಯಲ್ಲಿ ಪರದೆಗಳು, ಬಿಲ್ಲುಗಳು, ಸಂಜೆಯ ಅಡುಗೆ. ತಾನೊಬ್ಬಳೇ, ಬಾಯಿಬಿಟ್ಟು, ಪೂರ್ತಿ ಹೇಳಿ ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ಮೊದಲ ಸಾಲು ಒಣಗಿದ ಗಂಟಲಿನಿಂದ ಬಂತು. ಎರಡನೆಯದು ಹೇಗೆಂದು ತಡಕಾಡುವ ಹೊತ್ತಿಗೆ ಕೋಲು ಅರ್ಧ ಸುತ್ತು ಬಂದಿತ್ತು, ಅದರ ಜೊತೆಗೇ ಮಾತೂ ಬಂತು. ತೋಳಿಗೆ ಎಲ್ಲ ನೆನಪಿತ್ತು. ಅನ್ನ ಕೇಳುವ ಸಾಲನ್ನು ಈ ಸಲ ನುಂಗಲಿಲ್ಲ.

ಆಮೇಲೆ ಆ ಸಾಲು ಬಂತು. ಅದಕ್ಕೆ ಎರಡು ಭಾಗ. ಅಪ್ಪ ನಿಲ್ಲುತ್ತಿದ್ದದ್ದು ಮೊದಲನೆಯದರಲ್ಲಿ. ಅವಳು ಅದನ್ನು ದಾಟಿ ಎರಡನೆಯದರಲ್ಲಿ ನಿಂತಳು. ನಮ್ಮ ತಪ್ಪುಗಳನ್ನು, ಎಂಬಲ್ಲಿ.

ಕೌಂಟರಿನ ಮೇಲೆ ಫೋನ್ ಹೊಡೆದುಕೊಂಡಿತು. ಹೊಡೆದು ನಿಂತಿತು, ಮತ್ತೆ ಹೊಡೆಯಿತು. ಹಬೆ ಮುಖಕ್ಕೆ ಬಡಿಯುತ್ತಿತ್ತು. ಬಾಗಿಲಿನ ಕಡೆ ಮುಖ ಮಾಡಿ ಮಲಗಿದ್ದ ಅಮ್ಮ, ಮೂರನೆಯ ಸಲ ಫೋನ್ ಇಡುವ ಮೊದಲು "ಆಗ್ಲಿ ಪುಟ್ಟಿ, ಕೆಲಸ ನೋಡ್ಕೋ" ಎಂದ ಅಪ್ಪನ ದನಿ. ಬಟ್ಟೆ ಹೆಚ್ಚು ಹೊತ್ತು ನಿಂತಲ್ಲೇ ನಿಂತರೆ ಕಲೆ ಕಲೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೋಲನ್ನು ನಿಲ್ಲಿಸಲಿಲ್ಲ. ಮಾತು ಮಾತ್ರ ನಿಂತಿತ್ತು. ಸುತ್ತಿನ ಮೇಲೆ ಸುತ್ತು ಹೋಯಿತು. ಆಮೇಲೆ ಅವಳು ಆ ಸಾಲನ್ನು ಮುಗಿಸಿ, ಕೊನೆಯವರೆಗೂ ಹೇಳಿ, ಒಂದು ಎಂದು ಎಣಿಸಿದಳು. ಇನ್ನೂ ಹನ್ನೊಂದು ಉಳಿದಿದ್ದವು. ಹನ್ನೊಂದರಲ್ಲೂ ಅಲ್ಲೇ ನಿಂತಳು.

ಎತ್ತಿದಾಗ ಬಟ್ಟೆಗಳಿಂದ ಬಣ್ಣ ಧಾರೆಯಾಗಿ ಇಳಿಯಿತು. ತಣ್ಣೀರಿನಲ್ಲಿ ಮೂರು ಸಲ ಜಾಲಾಡಿಸಿ, ಹಿಂಡಿ, ಕೊಡವಿ, ಹಿತ್ತಲಿಗೆ ಒಯ್ದಳು. ಹನ್ನೆರಡನೆಯದರ ಪಕ್ಕ ಎರಡಕ್ಕಾಗುವಷ್ಟು ಜಾಗವಿತ್ತು. ಒಂದನೆಯದರ ಪಕ್ಕವೂ ಇತ್ತು. ಸ್ವಲ್ಪ ಹೊತ್ತು ತೋಳಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡೇ ನಿಂತಿದ್ದು, ಒಂದನೆಯದರ ಪಕ್ಕಕ್ಕೆ ಸಿಕ್ಕಿಸಿದಳು. ಒದ್ದೆಯಿರುವಾಗ ಎಲ್ಲ ಬಣ್ಣವೂ ಗಾಢವೇ. ಒಣಗಿದ ಮೇಲೆಯೇ ನಿಜ ತಿಳಿಯುವುದು. ಅದು ಏನೇ ಆಗಿ ಬಂದರೂ ಟೀಚರ್ ಅದಕ್ಕೊಂದು ಕಿಟಕಿ ಹುಡುಕದೆ ಇರುವುದಿಲ್ಲ.

ಅಂಗಡಿಯ ಮೇಲಿನ ಮನೆಯ ಕಿಟಕಿ ತೆರೆದು ಅವಳ ಗಂಡ ತಲೆ ಹೊರಗೆ ಹಾಕಿದ. "ಎಷ್ಟು ಸಲ ಫೋನ್ ಮಾಡೋದು? ಊಟ ತಣ್ಣಗಾಗ್ತಿದೆ. ಏನ್ ಮಾಡ್ತಿದ್ದೀಯ ಅಲ್ಲಿ?"

"ಬಟ್ಟೆ ಒಣಗ್ಬೇಕು."

"ಅದಕ್ಕೆ ನೀನ್ಯಾಕೆ ಕಾವಲು? ನೀನಿಲ್ದಿದ್ರೂ ಒಣಗುತ್ತಲ್ಲ?"

"ಒಣಗುತ್ತೆ," ಎಂದಳು ಅವಳು. "ನೀವು ಉಣ್ಣಿ."

ಕಿಟಕಿ ಮುಚ್ಚಿಕೊಂಡಿತು. ಅವಳು ಮೆಟ್ಟಿಲ ಮೇಲೆ ಕೂತು, ಮೊಣಕೈವರೆಗೆ ಬಣ್ಣವಾಗಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಹೊಸ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮೊದಮೊದಲು ಬೇಗ ಬೇಗ, ಆಮೇಲೆ ಒಂದೊಂದೇ ಹನಿ.